ಮಾವನ ಗದ್ದೆಯಲ್ಲಿ 38 ಬೈಕು

"ಗದ್ದೆಯಲ್ಲಿ ಬೇಡ ಮಾರಾಯ, ಬಾಣೆ ಮೇಲೆ ಹಾಕು. ರಾತ್ರಿ ಮಂಜು ಇಳೀತದೆ" ಅಂತ ಮಾವ ಮೊದಲೇ ಹೇಳಿದ್ದರು. ಬಾಣೆ ಅಂದರೆ ಗದ್ದೆಯ ಮೇಲಿನ ಎತ್ತರದ ಹುಲ್ಲು-ಮರದ ಜಾಗ. ನಾನು ಕೇಳದೆ ಗದ್ದೆಯಲ್ಲೇ ಟೆಂಟ್ ಹಾಕಿದೆ. ಫೆಬ್ರವರಿಯ ಆ ಶುಕ್ರವಾರ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಟೆಂಟಿನ ಒಳಗೆ ನೀರು ತೊಟ್ಟಿಕ್ಕುತ್ತಿತ್ತು. ಮಳೆ ಅಲ್ಲ, ಇಬ್ಬನಿ. ಟಾರ್ಚ್ ಹಿಡಿದು ಹೊರಗೆ ಬಂದೆ. ಗದ್ದೆ ತುಂಬ ಬಿಳಿ ಮಂಜು. ಹತ್ತು ಹೆಜ್ಜೆ ಆಚೆ ನಿಲ್ಲಿಸಿದ್ದ ಬೈಕು ಕಾಣುತ್ತಿರಲಿಲ್ಲ. ತಣ್ಣನೆ ಗಾಳಿ ಭಾರ ಅಲ್ವಾ, ರಾತ್ರಿ ಅದು ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮಾವನಿಗೆ ಇದು ಅರವತ್ತು ವರ್ಷದಿಂದ ಗೊತ್ತು.

ನಾನು ಹನ್ನೊಂದು ವರ್ಷದಿಂದ ಬ್ರಿಟನ್ನಿನ ವೇಲ್ಸ್‌ನಲ್ಲಿದ್ದೇನೆ. ಅಲ್ಲಿ ಬೈಕ್ ಕ್ಲಬ್‌ಗಳು ವಾರಾಂತ್ಯದ ಕ್ಯಾಂಪಿಂಗ್ ರ‍್ಯಾಲಿ ನಡೆಸುತ್ತವೆ. ರ‍್ಯಾಲಿ ಅಂದರೆ ಮೆರವಣಿಗೆ ಅಲ್ಲ, ರೇಸೂ ಅಲ್ಲ. ಯಾರೋ ರೈತರ ಹೊಲವನ್ನು ಎರಡು ರಾತ್ರಿಗೆ ಕೇಳಿ ಪಡೆಯುತ್ತಾರೆ. ಶುಕ್ರವಾರ ಸಂಜೆ ಎಲ್ಲೆಲ್ಲಿಂದಲೋ ಜನ ಬೈಕಿನಲ್ಲಿ ಬರುತ್ತಾರೆ, ಟೆಂಟ್ ಹಾಕುತ್ತಾರೆ, ಭಾನುವಾರ ಬೆಳಗ್ಗೆ ಹೊರಡುತ್ತಾರೆ. ವೇಲ್ಸ್‌ನ ಡ್ರ್ಯಾಗನ್ ರ‍್ಯಾಲಿ 1962ರಲ್ಲಿ ಶುರುವಾದದ್ದು, ಅದೂ ನಡು ಚಳಿಗಾಲದಲ್ಲಿ. ಜರ್ಮನಿಯ ಎಲಿಫಾಂಟೆನ್‌ಟ್ರೆಫೆನ್ ಇನ್ನೂ ಹಳೆಯದು, 1956ರದ್ದು. ಹಾಗೆಂದರೆ ಆನೆಗಳ ಕೂಟ. ತ್ಸುಂಡಾಪ್ ಕಂಪನಿಯ ಒಂದು ಭಾರೀ ಬೈಕಿಗೆ ಅಲ್ಲಿನವರು 'ಹಸಿರು ಆನೆ' ಅಂತ ಅಡ್ಡಹೆಸರು ಇಟ್ಟಿದ್ದರು, ಅದರಿಂದ ಬಂದ ಹೆಸರು. ಹಿಮದಲ್ಲಿ ಟೆಂಟ್ ಹಾಕಿ ಮಲಗುತ್ತಾರೆ.

ಇಂಥದ್ದೊಂದು ನಮ್ಮೂರಲ್ಲೂ ಆಗಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇತ್ತು. ಊರಲ್ಲಿ ನನ್ನ ಹಳೇ ಗೆಳೆಯರದ್ದೇ ಒಂದು ಕ್ಲಬ್ ಇದೆ. ರಜೆಗೆ ಬರುವ ಮೊದಲೇ ಅವರ ಜೊತೆ ಮಾತಾಡಿ ಕೊಡಗಿನ ಚೇರಂಬಾಣೆ ಹತ್ತಿರದ ಮಾವನ ಗದ್ದೆ ಅಂತ ಗೊತ್ತು ಮಾಡಿದೆವು.

"ಮಳೆಗಾಲದಲ್ಲಿ ಮಾಡಿ, ಕೊಡಗು ಚೆನ್ನಾಗಿ ಕಾಣುತ್ತೆ" ಅಂತ ಬೆಂಗಳೂರಿನವರು ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಒಂದು ಮಗ್ಗುಲು ಕುಸಿಯಿತು. ಆ ತಿಂಗಳಲ್ಲಿ ಜನರನ್ನು ಕರೆದು ಇಳಿಜಾರಿನ ಕೆಳಗೆ ಮಲಗಿಸಲು ನನಗೆ ಮನಸ್ಸಿಲ್ಲ. ಫೆಬ್ರವರಿಯಾದರೆ ಭತ್ತದ ಕೊಯ್ಲು ಆಗಿರುತ್ತದೆ, ಅರೇಬಿಕಾ ಕಾಫಿ ಕುಯ್ದು ಮುಗಿದಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ. ತೋಟದ ಕೆಲಸಕ್ಕೂ ತೊಂದರೆಯಿಲ್ಲ.

ರ‍್ಯಾಲಿ ನಡೆಸುವವನ ತಲೆಯಲ್ಲಿ ಬೈಕ್ ಇರುವುದೇ ಇಲ್ಲ, ನೀರು ಮತ್ತು ಕಕ್ಕಸು ಇರುತ್ತದೆ. 46 ಜನ. ತಲೆಗೆ ದಿನಕ್ಕೆ 20 ಲೀಟರ್ ಲೆಕ್ಕ ಹಾಕಿದರೂ 920 ಲೀಟರ್ ಬೇಕು. 1,000 ಲೀಟರ್‌ನ ಎರಡು ಟ್ಯಾಂಕ್ ಬಾಡಿಗೆಗೆ ತಂದೆವು. ನೀರು ಹರಿಯುವ ತೋಡಿನಿಂದ ದೂರಕ್ಕೆ ಕಕ್ಕಸಿಗೆ ನಾಲ್ಕು ಗುಂಡಿ ತೋಡಿ, ಅಡಿಕೆ ಸೋಗೆಯ ಮರೆ ಕಟ್ಟಿ, ಪ್ರತಿ ಗುಂಡಿಯ ಪಕ್ಕ ಬೂದಿಯ ಡಬ್ಬ ಇಟ್ಟೆವು. ಬೆಂಕಿ ಒಂದೇ ಕಡೆ, ಹುಲ್ಲುಮೆದೆಯಿಂದ ದೂರ, ಪಕ್ಕದಲ್ಲಿ ಮರಳಿನ ಬಕೆಟ್. ಫೆಬ್ರವರಿಯಲ್ಲಿ ಒಣಗಿದ ತೋಟಕ್ಕೆ ಒಂದು ಕಿಡಿ ಸಾಕು. ಪಂಚಾಯಿತಿಗೂ ಪೊಲೀಸ್ ಠಾಣೆಗೂ ಪತ್ರ ಕೊಟ್ಟೆವು. ಅಕ್ಕಪಕ್ಕದ ಮನೆಗಳಿಗೆ ಮಾವನೇ ಹೋಗಿ ಹೇಳಿ ಬಂದರು.

ಜಗಳವಾದದ್ದು ತಟ್ಟೆಯ ವಿಷಯಕ್ಕೆ. ವೇಲ್ಸ್‌ನ ನಮ್ಮ ಕ್ಲಬ್‌ನಲ್ಲಿ ಸದಸ್ಯರೆಲ್ಲ ಎರಡೆರಡು ಗಂಟೆ ಕೆಲಸ ಮಾಡುತ್ತಾರೆ. ಒಬ್ಬರು ಗೇಟು, ಒಬ್ಬರು ಅಡುಗೆ, ಇನ್ನೊಬ್ಬರು ಕಸ. ನಾನೂ ಇಲ್ಲಿ ಹಾಗೇ ಪಟ್ಟಿ ಬರೆದೆ. ಮಾವ ನೋಡಿದರು. "ಮನೆಗೆ ಬಂದ ನೆಂಟರ ಕೈಯಲ್ಲಿ ತಟ್ಟೆ ತೊಳೆಸುವುದಾ? ಇದು ಯಾವ ಊರಿನ ಮರ್ಯಾದೆ?" ಅಂದರು. ದನಿ ಏರಿತ್ತು. ಇವರೆಲ್ಲ ನೆಂಟರಲ್ಲ ಮಾವ, ದುಡ್ಡು ಹಂಚಿಕೊಂಡು ಬರುವವರು ಅಂತ ನಾನು ವಾದಿಸಿದೆ. ಅದು ಅವರಿಗೆ ಇನ್ನಷ್ಟು ನೋವಾಯಿತು. ಗದ್ದೆ ತಮ್ಮದು, ಹಾಗಾಗಿ ಬಂದವರು ತಮ್ಮ ನೆಂಟರೇ ಅನ್ನುವುದು ಅವರ ಲೆಕ್ಕ. ಆ ಲೆಕ್ಕವೂ ಸರಿಯೇ.

ಒಲೆ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಮದುವೆಗೆ ಹಿಂದಿನ ದಿನವೇ ಬಂದು ತೆಂಗಿನಕಾಯಿ ತುರಿಯುವವರು ನೆಂಟರಲ್ವಾ? ಬಡಿಸುವವರು ಯಾರು?" ಮಾವ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಪಟ್ಟಿ ಕೇಳಿ ಪಡೆದು, ಗೇಟಿನ ಕೆಲಸದ ಎದುರು ಇದ್ದ ಹೆಸರು ಹೊಡೆದು ಹಾಕಿ ತಮ್ಮ ಹೆಸರು ಬರೆದರು. ಮೂರು ದಿನಕ್ಕೂ.

ಶುಕ್ರವಾರ ಮಧ್ಯಾಹ್ನದಿಂದ ಬೈಕುಗಳು ಬಂದವು. ಮಾವ ಉದ್ದ ಲೆಕ್ಕದ ಪುಸ್ತಕದಲ್ಲಿ ಹೆಸರು, ಗಾಡಿ ನಂಬರು, ರಕ್ತದ ಗುಂಪು, ಮನೆಯವರ ಫೋನ್ ಬರೆದುಕೊಂಡರು. ಬರೆಸಿದವರಿಗೆ ಒಂದು ಬ್ಯಾಡ್ಜ್. ವೇಲ್ಸ್‌ನಲ್ಲಿ ಲೋಹದ್ದು ಕೊಡುತ್ತಾರೆ. ನಾವು ಕಿತ್ತು ಹಾಕಿದ್ದ ಹಳೇ ಕಾಫಿ ಗಿಡದ ಕಾಂಡವನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಕಾದ ಕಬ್ಬಿಣದಿಂದ ವರ್ಷ ಬರೆದಿದ್ದೆವು.

ಕತ್ತಲಾಗುವ ಮೊದಲು ಕೊನೆಗೆ ಬಂದದ್ದು ಮೈಸೂರಿನ ಒಬ್ಬ ಹಿರಿಯರ ಯೆಜ್ಡಿ ರೋಡ್‌ಕಿಂಗ್. ದೂರದಿಂದಲೇ ಆ ಟೂ ಸ್ಟ್ರೋಕ್ ಸದ್ದು ಕೇಳಿ ಎಲ್ಲರೂ ಎದ್ದು ನಿಂತರು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿ ಗೇರ್ ಹಾಕುವುದನ್ನು ಅವರು ಹುಡುಗರಿಗೆ ನಿಧಾನವಾಗಿ ತೋರಿಸಿದರು. ಒಬ್ಬ ಹುಡುಗ ಮಂಡಿಯೂರಿ ಕೂತು ನೋಡಿದ.

ಗದ್ದೆ ಇನ್ನೊಂದು ಪಾಠವನ್ನೂ ಕಲಿಸಿತು. ಒಣಗಿದ ಗದ್ದೆಯ ಮಣ್ಣು ಕಲ್ಲಿನ ಹಾಗೆ. ಟೆಂಟಿನ ಗೂಟ ಹೊಡೆದರೆ ಗೂಟವೇ ಬಾಗುತ್ತಿತ್ತು. ಮಾವ ಹಾರೆ ತಂದು ತೂತು ಮಾಡಿಕೊಟ್ಟರು. ಇಬ್ಬನಿಯಲ್ಲಿ ನೆನೆದ ಆ ರಾತ್ರಿ ಕಳೆದು ಬೆಳಗಾದ ಮೇಲೆ ನಾನೇ ಹೋಗಿ, "ಮಾವ, ಬಾಣೆಗೆ ಹೋಗೋಣ" ಅಂದೆ. ಅವರು ಏನೂ ಅನ್ನಲಿಲ್ಲ. ಕತ್ತಿ ಹಿಡಿದು ಮುಂದೆ ನಡೆದು ಕುರುಚಲು ಸವರಿ ಜಾಗ ಮಾಡಿಕೊಟ್ಟರು. ಅಲ್ಲಿ ಮಣ್ಣು ಮೆತ್ತಗೆ, ಸೈಡ್ ಸ್ಟ್ಯಾಂಡ್ ಇಳಿಯದ ಹಾಗೆ ಒಡೆದ ಹಂಚಿನ ಚೂರು ಕೊಟ್ಟೆವು.

ಶನಿವಾರ ಭಾಗಮಂಡಲ, ತಲಕಾವೇರಿ. ವೇಲ್ಸ್‌ನ ಒಂದು ಪದ್ಧತಿ ನಮ್ಮ ರಸ್ತೆಗೆ ತುಂಬ ಹೊಂದಿತು. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ಎರಡನೆಯ ಬೈಕಿನವರು ನಿಂತು ದಾರಿ ತೋರಿಸಬೇಕು, ಕೊನೆಯ ಬೈಕು ಬಂದ ಮೇಲೆ ಅದರ ಮುಂದೆ ಸೇರಿಕೊಳ್ಳಬೇಕು. ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಿಲ್ಲ. ಮುಂದಿನವರ ಬೆನ್ನು ಕಾಣದಿದ್ದರೂ ದಾರಿ ತಪ್ಪುವುದಿಲ್ಲ. ಕೊಡಗಿನ ತಿರುವುಗಳಲ್ಲಿ ಗುಂಪಾಗಿ ಹೋಗುವವರು ದಯವಿಟ್ಟು ಇದನ್ನು ಮಾಡಿ ನೋಡಿ.

ಸಂಜೆ ಆರೂವರೆ ನಂತರ ಗೇಟು ಬಂದ್. ಮೇಲಿನ ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಇತ್ತು. ವೇಲ್ಸ್‌ನಲ್ಲಿ ಮಧ್ಯರಾತ್ರಿವರೆಗೆ ಬ್ಯಾಂಡ್ ಇರುತ್ತದೆ. ಇಲ್ಲಿ ಸ್ಪೀಕರ್ ಬೇಡ, ಇಂಜಿನ್ ಕೂಡ ಬೇಡ ಅಂದೆವು. ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ, ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕಿದ ಹಂದಿ ಸಾರು, ಮಾಂಸ ತಿನ್ನದವರಿಗೆ ಕಡಲೆ ಸಾರು. ಬೆಂಕಿಯ ಸುತ್ತ ಮಾತು. ಊಟವಾದ ಮೇಲೆ ಬೆಂಗಳೂರಿನ ಇಬ್ಬರು ಎಂಜಿನಿಯರುಗಳ ಜೊತೆ ಮಾವ ಕೂತು ತಟ್ಟೆ ತೊಳೆಯುತ್ತಿದ್ದರು. ಕೈಗೆ ಬೂದಿ ಹಚ್ಚಿಕೊಂಡು ತಿಕ್ಕುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು.

ಭಾನುವಾರ ಎಲ್ಲರೂ ಸಾಲಾಗಿ ನಿಂತು ಬಾಣೆಯ ಈ ತುದಿಯಿಂದ ಆ ತುದಿಗೆ ಕಸ ಆರಿಸುತ್ತ ನಡೆದೆವು. ಹತ್ತು ಗಂಟೆಗೆ ಬಾಣೆ ಖಾಲಿ. ನನಗೆ ಮುಗಿಯಿತು ಅನ್ನಿಸಿತು. ಮಾವ ಮಾತ್ರ ಪುಸ್ತಕ ಮುಚ್ಚಿರಲಿಲ್ಲ. ಮನೆ ಮುಟ್ಟಿದವರೆಲ್ಲ ಫೋನ್ ಮಾಡಬೇಕು ಅಂತ ಗೇಟಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಕಳಿಸಿದ್ದರಂತೆ. ಜಗಲಿಯಲ್ಲಿ ಕೂತು, ಫೋನ್ ಬಂದ ಹಾಗೆ ಹೆಸರಿನ ಎದುರು ಗೀಟು ಹಾಕುತ್ತ ಹೋದರು. ಮಧ್ಯಾಹ್ನದ ಊಟವೂ ಅಲ್ಲೇ ಆಯಿತು.

ಸಂಜೆ ಏಳಕ್ಕೆ ಒಂದು ಹೆಸರು ಉಳಿದಿತ್ತು, ಯೆಜ್ಡಿಯವರದ್ದು. ದಾರಿಯಲ್ಲಿ ಪ್ಲಗ್ ಕೈಕೊಟ್ಟಿತ್ತು. ಏಳೂ ಇಪ್ಪತ್ತಕ್ಕೆ ಮೈಸೂರಿನಿಂದ ಫೋನ್ ಬಂತು. "ಊಟ ಮಾಡಿ ಮಲಗಿ" ಅಂತ ಹೇಳಿ ಮಾವ ಕೊನೆಯ ಗೀಟು ಹಾಕಿದರು. ಆಮೇಲೆ ಒಳಗೆ ಕೂಗಿ, ಅತ್ತೆಗೆ ಕಾಫಿ ಇಡಲು ಹೇಳಿದರು.