ಎಲಿಜಬೆತ್‌ಳ ತವರು ಯಾವುದು?

1620ರಲ್ಲಿ ಮೇಫ್ಲವರ್ ಅನ್ನುವ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಜಾನ್ ಹೌಲ್ಯಾಂಡ್‌ನ ಹೆಂಡತಿ ಎಲಿಜಬೆತ್ ಯಾರ ಮಗಳು? ಅವಳು ತೀರಿಕೊಂಡಿದ್ದು 1687ರಲ್ಲಿ. ಅದಾಗಿ ನೂರೈವತ್ತು ವರ್ಷ ಕಳೆದರೂ ಅವಳ ವಂಶದವರಿಗೇ ಸರಿಯಾದ ಉತ್ತರ ಗೊತ್ತಿರಲಿಲ್ಲ. ಮೆಸಾಚುಸೆಟ್ಸ್‌ನ ಪ್ಲಿಮತ್ ಊರಿನಲ್ಲಿ ಬರಿಯಲ್ ಹಿಲ್ ಅಂತ ಒಂದು ಗುಡ್ಡ ಇದೆ, ಊರಿನ ಹಳೆ ಸ್ಮಶಾನ. 19ನೇ ಶತಮಾನದಲ್ಲಿ ವಂಶದವರು ಅಲ್ಲಿ ಜಾನ್ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ಗವರ್ನರ್ ಕಾರ್ವರ್ ಅವರ ಮಗಳನ್ನು ಮದುವೆಯಾದವನು ಎಂದು ಅದರ ಮೇಲೆ ಕೆತ್ತಿಸಿದರು. ಆದರೆ ಎಲಿಜಬೆತ್, ಪ್ಲಿಮತ್‌ನ ಮೊದಲ ಗವರ್ನರ್ ಆಗಿದ್ದ ಆ ಕಾರ್ವರ್ ಅವರ ಮಗಳಲ್ಲ. ಅವಳಿಗೆ ಬೇರೆಯೇ ಅಪ್ಪ ಅಮ್ಮ ಇದ್ದರು, ಬೇರೆಯೇ ತವರಿತ್ತು.

ನಾನಿರುವುದು ಇದೇ ಮೆಸಾಚುಸೆಟ್ಸ್‌ನಲ್ಲಿ. ನಮ್ಮೂರ ಲೈಬ್ರರಿಯಲ್ಲಿ ಪರಿಚಯವಾಗಿ ಗೆಳತಿಯಾದ ಒಬ್ಬರು ಈ ಹೌಲ್ಯಾಂಡ್ ವಂಶದವರು. ವಯಸ್ಸಿನಲ್ಲಿ ನನಗಿಂತ ತುಂಬಾ ಹಿರಿಯರು. ‘ನಮ್ಮ ಹಿರಿಯರು ಮೇಫ್ಲವರ್ ಹಡಗಿನಲ್ಲಿ ಬಂದವರು’ ಅನ್ನುವ ಮಾತು ಅವರ ಮನೆಯಲ್ಲಿ ತಲೆತಲಾಂತರದಿಂದ ಇದೆ. ಮಾತು ಇದ್ದರೆ ಸಾಲದು, ಪ್ರತಿ ತಲೆಮಾರಿಗೂ ದಾಖಲೆ ಬೇಕು ಅಂತ ಅವರ ಹಠ. ನನಗೆ ಹಳೆ ಕೈಬರಹ ಓದುವುದೆಂದರೆ ಪ್ರಾಣ. ಹೀಗೆ ಇಬ್ಬರೂ ಸೇರಿ ಕೂತೆವು.

ನಾನು ಹಾವೇರಿ ಕಡೆಯವಳು. ಸುಗ್ಗಿ ಮುಗಿದ ಮೇಲೆ ಹೆಳವರು ಮನೆಗೆ ಬಂದು, ಕಟ್ಟೆ ಮೇಲೆ ಕೂತು, ಮನೆತನದ ಹಿರಿಯರ ಹೆಸರನ್ನು ಒಂದಾದ ಮೇಲೊಂದು ಹೇಳುವುದನ್ನು ಕೇಳಿ ಬೆಳೆದವಳು. ಅಜ್ಜ, ಮುತ್ತಜ್ಜ, ಅವರಪ್ಪ, ಅವರ ಅಣ್ಣತಮ್ಮಂದಿರು. ನಮ್ಮಜ್ಜಿ ಯಾವ ಊರಿನವಳು, ಯಾರ ಮಗಳು ಅನ್ನುವುದು ನಾನು ಕೇಳಿದ ಆ ಸಾಲಿನಲ್ಲಿ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಹೌಲ್ಯಾಂಡ್ ಮನೆತನದ ಕಾಗದ ಬಿಚ್ಚಿದಾಗ ನನ್ನ ಕಣ್ಣು ಜಾನ್‌ಗಿಂತ ಜಾಸ್ತಿ ಎಲಿಜಬೆತ್ ಮೇಲೆ ನಿಂತಿತು.

ಜಾನ್ ಕಥೆ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಇಂಗ್ಲೆಂಡಿನ ಫೆನ್‌ಸ್ಟಾಂಟನ್ ಕಡೆಯವನು, ಜಾನ್ ಕಾರ್ವರ್ ಅವರ ಮನೆಯಲ್ಲಿ ಆಳಾಗಿದ್ದವನು. 1620ರ ಸೆಪ್ಟೆಂಬರಿನಲ್ಲಿ 102 ಜನರನ್ನು ಹೊತ್ತು ಮೇಫ್ಲವರ್ ಹೊರಟಿತು. ನಡುಸಮುದ್ರದಲ್ಲಿ ಬಿರುಗಾಳಿಗೆ ಈ ಹುಡುಗ ಆಯ ತಪ್ಪಿ ನೀರಿಗೆ ಬಿದ್ದ. ಹಡಗಿನಿಂದ ಹೊರಗೆ ಇಳಿಬಿದ್ದಿದ್ದ ಹಾಯಿಯ ಹಗ್ಗವೊಂದು ಕೈಗೆ ಸಿಕ್ಕಿತು. ನೀರೊಳಗೆ ಮುಳುಗಿದರೂ ಹಗ್ಗ ಬಿಡಲಿಲ್ಲ. ಕೊಕ್ಕೆ ಹಾಕಿ ಎಳೆದುಕೊಂಡರು. ಮುಂದೆ ಅವನಿಗೆ ಹತ್ತು ಮಕ್ಕಳು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು, ಎಮರ್ಸನ್, ಎಲ್ಲರೂ ಇದೇ ಬಳ್ಳಿಯವರು.

ಅದೇ ಹಡಗಿನಲ್ಲಿ ಎಲಿಜಬೆತ್ ಇದ್ದಳು. ವಯಸ್ಸು 13. ಜೊತೆಗೆ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ. ಅವರು ನೆಲೆಯೂರಿದ ಜಾಗ, ಅಂದರೆ ಈಗಿನ ಪ್ಲಿಮತ್, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟಕ್ಸೆಟ್ ಅನ್ನುವ ಊರು. ಕೆಲವೇ ವರ್ಷಗಳ ಹಿಂದೆ ರೋಗ ಬಂದು ಆ ಊರಿಗೆ ಊರೇ ಖಾಲಿಯಾಗಿತ್ತು. ಸತ್ತ ಆ ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ ಅನ್ನುವುದು ಈ ಕಾಗದ ಓದುವಾಗಲೆಲ್ಲ ನನ್ನನ್ನು ಚುಚ್ಚುತ್ತದೆ. ಮೊದಲ ಚಳಿಗಾಲದಲ್ಲೇ ಹಡಗಿನಲ್ಲಿ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಎಲಿಜಬೆತ್‌ಳ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ನಾಲ್ವರೂ ಹೋದರು. ಗೊತ್ತಿಲ್ಲದ ದೇಶ, ಹಿಮ, ಹದಿಮೂರರ ಹುಡುಗಿ.

1621ರ ಏಪ್ರಿಲ್‌ನಲ್ಲಿ ಕಾರ್ವರ್ ತೀರಿಕೊಂಡರು. ಕೆಲವೇ ವಾರಗಳಲ್ಲಿ ಅವರ ಹೆಂಡತಿಯೂ ಹೋದರು. ಅನಾಥಳಾಗಿದ್ದ ಎಲಿಜಬೆತ್‌ಳನ್ನು ಆ ಮನೆಯವರು ನೋಡಿಕೊಂಡಿರಬಹುದು, ಅಲ್ಲಿಂದಲೇ ‘ಕಾರ್ವರ್ ಮಗಳು’ ಅನ್ನುವ ಮಾತು ಹುಟ್ಟಿರಬಹುದು ಅಂತ ನನಗನಿಸುತ್ತದೆ. ಅವಳ ಮದುವೆಗೆ ದಾಖಲೆಯೇ ಇಲ್ಲ. ಹಾಗಾದರೆ ಅವರಿಬ್ಬರೂ ಗಂಡ ಹೆಂಡತಿ ಅನ್ನುವುದಕ್ಕೆ ಹಳೆಯ ಪುರಾವೆ ಯಾವುದು? ದನ ಹಂಚಿದ ಪಟ್ಟಿ!

1627ರ ಮೇ ತಿಂಗಳಲ್ಲಿ ಪ್ಲಿಮತ್ ಜನ ಊರೊಟ್ಟಿನ ದನಕರುಗಳನ್ನು ಹಂಚಿಕೊಂಡರು. ಊರಿನ ಜನರನ್ನು ಹದಿಮೂರು ಹದಿಮೂರು ಜನರ ಹನ್ನೆರಡು ಗುಂಪು ಮಾಡಿದರು. ಕೈಗೂಸನ್ನೂ ಬಿಡದೆ ಒಬ್ಬೊಬ್ಬರ ಹೆಸರನ್ನೂ ಬರೆದರು. ನಾಲ್ಕನೇ ಗುಂಪು ಜಾನ್ ಹೌಲ್ಯಾಂಡ್‌ದು. ಅವನ ಹೆಸರಿನ ಪಕ್ಕದಲ್ಲಿ ಹೆಂಡತಿ ಎಲಿಜಬೆತ್ ಹೌಲ್ಯಾಂಡ್, ಆಮೇಲೆ ಮಗ ಜಾನ್, ಮಗಳು ಡಿಸೈರ್. ಆ ಗುಂಪಿನ ಪಾಲಿಗೆ ಜೇಕಬ್ ಅನ್ನುವ ಹಡಗಿನಲ್ಲಿ ಬಂದ ಒಂದು ಕಡಸು ಬಂತು. ಅದರ ಹೆಸರು ರ‍್ಯಾಗ್‌ಹಾರ್ನ್. ಈ ಪಟ್ಟಿ ನಮಗೆ ಜನಗಣತಿ ಇದ್ದ ಹಾಗೆ. 1627ರ ಮೇ ಹೊತ್ತಿಗೆ ಈ ಇಬ್ಬರು ಮಕ್ಕಳು ಹುಟ್ಟಿದ್ದರು ಅನ್ನುವುದು ಇದರಿಂದ ಖಾತ್ರಿಯಾಗುತ್ತದೆ. ಗೆಳತಿಯ ವಂಶ ಇಳಿದು ಬರುವುದು ಹೋಪ್ ಅನ್ನುವ ಇನ್ನೊಬ್ಬ ಮಗಳಿಂದ. ಅವಳ ಹೆಸರು ಇದರಲ್ಲಿಲ್ಲ. ಅವಳಿನ್ನೂ ಹುಟ್ಟಿರಲಿಲ್ಲ.

ಆದರೆ ಇಷ್ಟೆಲ್ಲ ಸಿಕ್ಕರೂ ತವರಿನ ಹೆಸರು ಸಿಗುವುದಿಲ್ಲ. ಮದುವೆಯಾದ ಕೂಡಲೇ ಅವಳು ಹೌಲ್ಯಾಂಡ್ ಆಗಿಬಿಟ್ಟಳು.

ಗಂಟು ಬಿಡಿಸಿದ್ದು ವಿಲಿಯಂ ಬ್ರಾಡ್‌ಫರ್ಡ್ ಅವರ ಹಸ್ತಪ್ರತಿ. ಅವರು ಕಾರ್ವರ್ ನಂತರ ಗವರ್ನರ್ ಆದವರು. ವಸಾಹತಿನ ಕಥೆಯನ್ನೆಲ್ಲ ಬರೆದಿಟ್ಟು, 1650ರ ಸುಮಾರಿಗೆ ಕೊನೆಯಲ್ಲಿ ಹಡಗಿನಲ್ಲಿ ಬಂದವರ ಪಟ್ಟಿಯನ್ನೂ ಸೇರಿಸಿದರು. ಯಾರು ಬಂದರು, ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು, ಎಷ್ಟು ಮಕ್ಕಳು, ಎಲ್ಲ ಇದೆ. ಆ ಹಸ್ತಪ್ರತಿ ಬಾಸ್ಟನ್ನಿನ ಒಂದು ಚರ್ಚಿನಲ್ಲಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕಾಣೆಯಾಯಿತು. ಎಷ್ಟೋ ವರ್ಷಗಳ ಮೇಲೆ ಇಂಗ್ಲೆಂಡಿನಲ್ಲಿ ಅಚ್ಚಾದ ಚರ್ಚ್ ಇತಿಹಾಸವೊಂದರಲ್ಲಿ ಲಂಡನ್ ಬಿಷಪ್ಪರ ಫುಲಂ ಅರಮನೆಯ ಲೈಬ್ರರಿಯ ಒಂದು ಹಸ್ತಪ್ರತಿಯಿಂದ ತೆಗೆದ ಸಾಲುಗಳಿದ್ದವು. ಅವನ್ನು ಓದಿದ ಬಾಸ್ಟನ್ನಿನ ಜನ ಇದು ಬ್ರಾಡ್‌ಫರ್ಡ್ ಬರಹವೇ ಎಂದು ಗುರುತು ಹಿಡಿದರು. ಅದು 1855. ಮರುವರ್ಷವೇ ಪುಸ್ತಕ ಅಚ್ಚಾಯಿತು. ಜಾನ್ ಹೌಲ್ಯಾಂಡ್ ಮದುವೆಯಾಗಿದ್ದು ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಳನ್ನು, ಇಬ್ಬರೂ ಬದುಕಿದ್ದಾರೆ, ಹತ್ತು ಮಕ್ಕಳಿದ್ದಾರೆ, ಹತ್ತೂ ಬದುಕಿವೆ ಅನ್ನುವ ಮಾತು ಅದರಲ್ಲಿ ಸ್ಪಷ್ಟವಾಗಿತ್ತು. ಗುಡ್ಡದ ಮೇಲಿನ ಕಲ್ಲನ್ನು ಆಮೇಲೆ ಬದಲಾಯಿಸಿದರು. ಹಸ್ತಪ್ರತಿ 1897ರಲ್ಲಿ ಮೆಸಾಚುಸೆಟ್ಸ್‌ಗೆ ವಾಪಸ್ ಬಂತು.

ಕಲ್ಲಿನ ಮೇಲೆ ಕೆತ್ತಿದ ಮಾತಿಗೆ ಒಂದು ತೂಕ ಇರುತ್ತದೆ, ಅಲ್ವಾ? ಅದನ್ನು ಓದಿದವರು ತಮ್ಮ ವಂಶಾವಳಿಯಲ್ಲಿ ಬರೆದುಕೊಳ್ಳುತ್ತಾರೆ, ಅವರದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ. ಈಗ ಆನ್‌ಲೈನ್ ವಂಶವೃಕ್ಷಗಳಲ್ಲಿ ಇದು ಒಂದು ಕ್ಲಿಕ್ಕಿನ ಕೆಲಸ. ಯಾರೋ ಸುಮ್ನೆ ಸೇರಿಸಿದ ಹೆಸರು ನೂರಾರು ಮನೆಗಳ ಹಿರಿಯನಾಗಿ ಕೂತುಬಿಡುತ್ತದೆ. ಗೆಳತಿ ಒಂದು ಕಟ್ಟುನಿಟ್ಟು ಪಾಲಿಸುತ್ತಾರೆ. ಕಾಗದ ತೋರಿಸದ ಹೆಸರನ್ನು ಪೆನ್ಸಿಲ್‌ನಲ್ಲೇ ಬರೆಯುತ್ತಾರೆ. ಎಲ್ಲರೂ ಹೀಗೆ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಪ್ಪ ಸಿಕ್ಕ. ಅಮ್ಮ? ಬ್ರಾಡ್‌ಫರ್ಡ್ ಆಕೆಯ ಹೆಸರು ಬರೆಯಲಿಲ್ಲ. ‘ಜಾನ್ ಟಿಲ್ಲಿ, ಅವನ ಹೆಂಡತಿ, ಮಗಳು ಎಲಿಜಬೆತ್’ ಅಂದರು, ಅಷ್ಟೇ. ಹಾಲೆಂಡಿನ ಲೈಡನ್ ಊರಿನ ದಾಖಲೆಯಲ್ಲಿ ಹೆಸರು ಹೋಲುವ ಒಬ್ಬ ರೇಷ್ಮೆ ಕೆಲಸಗಾರ 1615ರಲ್ಲಿ ಡಚ್ ಹೆಂಗಸೊಬ್ಬಳನ್ನು ಮದುವೆಯಾಗಿದ್ದ. ಅವನೇ ಇವನು ಅಂತ ಬಹಳ ಕಾಲ ನಂಬಿದ್ದರು. 1976ರಲ್ಲಿ ರಾಬರ್ಟ್ ಲೀ ವಾರ್ಡ್ ಅನ್ನುವ ಸಂಶೋಧಕರು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಹೆನ್‌ಲೋ ಹಳ್ಳಿಯ ಚರ್ಚ್ ರಿಜಿಸ್ಟರಿನ ಪುರಾವೆ ಮುಂದಿಟ್ಟರು. ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ಬರೆದಿಡಬೇಕು ಅಂತ 1538ರಲ್ಲೇ ಆಜ್ಞೆಯಾಗಿತ್ತು, ಅದು ಇಲ್ಲಿ ಕೈಹಿಡಿಯಿತು. 1596ರಲ್ಲಿ ಜಾನ್ ಟಿಲ್ಲಿ ಅಲ್ಲಿ ಜೋನ್ ಅನ್ನುವ ವಿಧವೆಯನ್ನು ಮದುವೆಯಾದ. ಅವಳ ತವರು ಹರ್ಸ್ಟ್ ಮನೆತನ. ಅವರ ಮಗಳು ಎಲಿಜಬೆತ್‌ಗೆ ದೀಕ್ಷಾಸ್ನಾನವಾದದ್ದು 1607ರ ಆಗಸ್ಟ್ 30ರಂದು.

ಇದು ಅದೇ ಎಲಿಜಬೆತ್ ಅಂತ ನನಗೆ ಮನಸ್ಸು ತುಂಬಿ ಒಪ್ಪಿಗೆಯಾದದ್ದು ಅವಳ ಉಯಿಲು ಓದಿದಾಗ. 1686ರ ಡಿಸೆಂಬರ್ 17ರಂದು, ಸ್ವಾನ್ಸಿ ಊರಿನಲ್ಲಿ ಅದನ್ನು ಬರೆಸಿದಳು. ತನಗೆ ಎಪ್ಪತ್ತೊಂಬತ್ತು ವರ್ಷ, ನೆನಪು ಚೆನ್ನಾಗಿದೆ ಎಂದು ಮೊದಲ ಸಾಲಿನಲ್ಲೇ ಹೇಳುತ್ತಾಳೆ. 1607ರ ಆಗಸ್ಟಿನಿಂದ ಎಣಿಸಿ ನೋಡಿ, ಸರಿಯಾಗಿ ಎಪ್ಪತ್ತೊಂಬತ್ತು. ಸಮುದ್ರದ ಆಚೆ ಒಂದು ಕಾಗದ, ಈಚೆ ಒಂದು ಕಾಗದ, ಎರಡೂ ಒಂದೇ ಲೆಕ್ಕ ಹೇಳುತ್ತವೆ.

ಉಯಿಲಿನ ಉಳಿದ ಭಾಗ ಒಂದು ಮನೆಯೊಳಗೆ ಕರೆದುಕೊಂಡು ಹೋಗುತ್ತದೆ. ಜೋಸೆಫ್‌ಗೆ ತಕ್ಕಡಿ. ಜಬೇಜ್‌ಗೆ ದೊಡ್ಡ ಕಬ್ಬಿಣದ ಪಾತ್ರೆ ಮತ್ತು ಅದನ್ನು ತೂಗುಹಾಕುವ ಕೊಕ್ಕೆ. ಐಸಾಕ್‌ಗೆ ದೊಡ್ಡ ಹಿತ್ತಾಳೆ ಹಂಡೆ. ಅದು ಆಗಲೇ ಅವನ ಮನೆಯಲ್ಲೇ ಇತ್ತು. ಮಗಳು ಲಿಡಿಯಾಗೆ ಗರಿ ತುಂಬಿದ ಒಳ್ಳೆ ಹಾಸಿಗೆ, ಹಸಿರು ರಗ್ಗು, ಚಿಕ್ಕ ಹಂಡೆ, ಚಿಕ್ಕ ಬೈಬಲ್, ಎಲ್ಲಕ್ಕಿಂತ ನಯವಾದ ಹಾಸು. ಮೊಮ್ಮಕ್ಕಳನ್ನೂ ಮರೆಯಲಿಲ್ಲ. ಡೊರೊತಿಗೆ ಒಳ್ಳೆ ಪೆಟ್ಟಿಗೆ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆ. ಇನ್ನೊಬ್ಬಳಿಗೆ ನಾಲ್ಕು ಕುರಿ. ಮಕ್ಕಳೆಲ್ಲ ಪ್ರೀತಿಯಿಂದ, ಜಗಳವಾಡದೆ ಇರಬೇಕು ಅಂತ ಒಂದು ಮಾತು. ಯಾವ ವಸ್ತು ಯಾರಿಗೆ ಅಂತ ಅವಳು ಎಷ್ಟು ಯೋಚಿಸಿರಬೇಕು!

ಇದರಲ್ಲೂ ಹೋಪ್ ಹೆಸರಿಲ್ಲ. ಮಗಳು ಅಮ್ಮನಿಗಿಂತ ಮೊದಲೇ ಹೋಗಿದ್ದಳು. ಬಾರ್ನ್‌ಸ್ಟಬಲ್ ಊರಿನಲ್ಲಿರುವ ಅವಳ ಸಮಾಧಿ ಕಲ್ಲಿನ ಮೇಲೆ ಜಾನ್ ಚಿಪ್‌ಮನ್ ಅವರ ಹೆಂಡತಿ ಅಂತಿದೆ, 54 ವರ್ಷ ಅಂತಿದೆ, 1683ರ ಜನವರಿ 8 ಅಂತಿದೆ. ನಮ್ಮ ಲೆಕ್ಕದಲ್ಲಿ ಅದು 1684. ಇಂಗ್ಲಿಷರಿಗೆ 1752ರವರೆಗೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಜನವರಿ, ಫೆಬ್ರುವರಿ ತಾರೀಖು ಕಂಡರೆ ಎರಡು ಸಲ ನೋಡಲೇಬೇಕು. ಹೋಪ್ ಈ ದಂಪತಿಯ ಮಗಳು ಅನ್ನುವುದಕ್ಕೆ ನಾವು ಹಿಡಿದುಕೊಂಡದ್ದು ಜಾನ್ 1672ರ ಮೇ 29ರಂದು ಬರೆಸಿದ ಉಯಿಲು. ಅದರಲ್ಲಿ ಅಪ್ಪ ಹೆಣ್ಣುಮಕ್ಕಳನ್ನೆಲ್ಲ ಗಂಡನ ಮನೆಯ ಹೆಸರಿನೊಂದಿಗೆ ಒಬ್ಬೊಬ್ಬರಾಗಿ ಕರೆದು, ತಲೆಗೆ ಇಪ್ಪತ್ತು ಶಿಲ್ಲಿಂಗ್ ಬಿಟ್ಟಿದ್ದಾನೆ. ಹೋಪ್ ಚಿಪ್‌ಮನ್ ಅನ್ನುವ ಎರಡು ಪದ ಅಲ್ಲಿದೆ. ಜಮೀನು ಹೋದದ್ದು ಗಂಡುಮಕ್ಕಳಿಗೆ. ಆದರೂ ಹೆಣ್ಣುಮಕ್ಕಳ ಹೆಸರು ಬರೆಸಿದನಲ್ಲ, ಅಷ್ಟಕ್ಕೆ ನಾನು ಅವನಿಗೆ ಋಣಿ.

ಮೊದಲ ಐದು ತಲೆಮಾರಿನ ಕೆಲಸವನ್ನು ಮೇಫ್ಲವರ್ ವಂಶಸ್ಥರ ಸಂಘದವರೇ ಪುಸ್ತಕಗಳಲ್ಲಿ ಮಾಡಿಟ್ಟಿದ್ದಾರೆ. ಕಷ್ಟ ಶುರುವಾಗುವುದು ಆಮೇಲೆ. ಸ್ವಾತಂತ್ರ್ಯ ಯುದ್ಧದ ನಂತರ ಗೆಳತಿಯ ಹಿರಿಯರು ಮೆಸಾಚುಸೆಟ್ಸ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗಕ್ಕೆ ಹೋದರು. ಮೆಸಾಚುಸೆಟ್ಸ್‌ನಲ್ಲಿ ಊರೂರಿನ ಗುಮಾಸ್ತರು ಹುಟ್ಟು ಸಾವು ಬರೆದಿಡುತ್ತಿದ್ದರು. ಅಲ್ಲಿ ಆ ಪದ್ಧತಿ ಇರಲಿಲ್ಲ. 1790ರಿಂದ 1840ರವರೆಗಿನ ಅಮೆರಿಕದ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇದೆ. ಉಳಿದವರದ್ದೆಲ್ಲ ಬರೀ ಲೆಕ್ಕ, ಇಷ್ಟು ವಯಸ್ಸಿನ ಹೆಂಗಸರು ಇಷ್ಟು ಜನ ಅಂತ. ಪ್ಲಿಮತ್‌ನಲ್ಲಿ ಕಡಸಿಗೂ ಹೆಸರು ಬರೆದಿದ್ದರು, ಇನ್ನೂರು ವರ್ಷ ಕಳೆದ ಮೇಲೆ ಇಲ್ಲಿ ಹೆಂಡತಿಗೆ ಹೆಸರಿಲ್ಲ. ಇದನ್ನು ನೋಡಿ ನನಗೆ ಸಿಟ್ಟೇ ಬಂತು.

ಆದರೆ ಜಮೀನು ಮಾರುವಾಗ ಹೆಂಡತಿಯ ಒಪ್ಪಿಗೆ ಬೇಕಿತ್ತು. ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕನ್ನು ಅವಳೇ ಬಿಟ್ಟುಕೊಡಬೇಕಿತ್ತು. ಹಾಗಾಗಿ ಕ್ರಯಪತ್ರದಲ್ಲಿ ಅವಳ ಹೆಸರು ಬರುತ್ತದೆ. ಗೆಳತಿಯ ಹಿರಿಯರೊಬ್ಬರು ಮಾಡಿಕೊಟ್ಟ ಪತ್ರದಲ್ಲಿ ಗಂಡನ ಸಹಿ, ಅದರ ಕೆಳಗೆ ಹೆಂಡತಿಯ ಹೆಸರು ನಮಗೆ ಸಿಕ್ಕಿದೆ. ತವರಿನ ಹೆಸರು ಮಾತ್ರ ಇಲ್ಲ. ಅಕ್ಕಪಕ್ಕದ ಹೊಲದವರಲ್ಲಿ ಯಾರೋ ಒಬ್ಬ ಅವಳ ಅಪ್ಪನಿರಬೇಕು ಅನ್ನುವ ನಂಬಿಕೆಯ ಮೇಲೆ ಆ ಊರಿನ ಹಳೆ ಉಯಿಲುಗಳನ್ನು ಈಗ ಒಂದೊಂದಾಗಿ ಓದುತ್ತಿದ್ದೇವೆ. ಅವಳನ್ನು ಗಂಡನ ಮನೆಯ ಹೆಸರಿನಿಂದ ಕರೆದ ಒಬ್ಬ ಅಪ್ಪ ಸಿಕ್ಕರೆ ಸಾಕು.