ಘಾಟಿಯ ಬ್ರೇಕ್ ಧೂಳು ಮತ್ತು ನಾಲ್ಕು ಅಲಾಯ್ ಚಕ್ರಗಳು: ಕೆಲಸದ ದಾಖಲೆ

ಮೊದಲ ಶನಿವಾರ

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಪುತ್ತೂರಿಗೆ ಹೋಗಿಬರುವ ನಮ್ಮ ಕಾರಿನ ಮುಂದಿನ ಚಕ್ರಗಳು ಬೆಳ್ಳಿ ಬಣ್ಣದವೆಂಬುದೇ ಮರೆತುಹೋಗಿತ್ತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತವನ್ನು ಎಷ್ಟೇ ನೆಚ್ಚಿಕೊಂಡರೂ ಲಾರಿಗಳ ಬೆನ್ನಿಗೆ ಬ್ರೇಕ್ ತುಳಿಯುವುದು ತಪ್ಪುವುದಿಲ್ಲ. ಆಗ ಎರಕದ ಕಬ್ಬಿಣದ ಡಿಸ್ಕಿನಿಂದಲೂ ಪ್ಯಾಡಿನಿಂದಲೂ ಸವೆದು ಸಿಡಿಯುವ ಬಿಸಿ ಕಣಗಳು ಚಕ್ರದ ಮೇಲಿನ ಪಾರದರ್ಶಕ ಲೇಪಕ್ಕೆ ಕಚ್ಚಿಕೊಂಡು, ಮಳೆಗಾಲದ ತೇವಕ್ಕೆ ಅಲ್ಲೇ ತುಕ್ಕು ಹಿಡಿಯುತ್ತವೆ. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವುದರಿಂದ ಅಲ್ಲಿನ ಧೂಳು ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಅವುಗಳ ಮೇಲಿರುವುದು ಬರೀ ಕೆಸರು.

ಕಳೆದ ಬೇಸಿಗೆಯ ನನ್ನ ತಪ್ಪನ್ನು ಮೊದಲೇ ಬರೆದಿಡುತ್ತೇನೆ. ಊರಿನಿಂದ ಬಂದಿಳಿದವನೇ, ಮಧ್ಯಾಹ್ನದ ಬಿಸಿಲಿನಲ್ಲಿ, ಕೈಯಿಡಲಾಗದಷ್ಟು ಬಿಸಿಯಿದ್ದ ಚಕ್ರಗಳ ಮೇಲೆ ಕ್ಲೀನರ್ ಸಿಂಪಡಿಸಿದೆ. ಅದು ತೊಳೆಯುವ ಮೊದಲೇ ಒಣಗಿ, ಎಡಗಡೆಯ ಮುಂದಿನ ಚಕ್ರದ ಎರಡು ಸ್ಪೋಕ್‌ಗಳ ಮೇಲೆ ಮಂಕಾದ ಹನಿಗುರುತುಗಳು ಉಳಿದುಬಿಟ್ಟವು. ಅವನ್ನು ತೆಗೆಯಲು ಸ್ನಾನದ ಮನೆಯ ಟೈಲ್ಸ್ ತೊಳೆಯುವ ಆಸಿಡ್ ಹಾಕುವಂತೆ ಒಬ್ಬರು ಸೂಚಿಸಿದ್ದರು. ಲೇಪ ಎಲ್ಲಾದರೂ ಬಿರಿದಿದ್ದರೆ ಆಸಿಡ್ ಅದರಡಿಗೆ ನುಸುಳಿ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆಯಾದ್ದರಿಂದ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಈ ಬಾರಿ ಚಕ್ರಗಳನ್ನು ಬಿಚ್ಚಿಯೇ ತೊಳೆಯುವುದೆಂದು ತೀರ್ಮಾನಿಸಿದ್ದೇನೆ. ಒಂದು ದಿನಕ್ಕೆ ಒಂದೇ ಚಕ್ರ. ಅದರ ಜಾಗದಲ್ಲಿ ಸ್ಟೆಪ್ನಿ ಇರುತ್ತದೆ, ತೊಳೆದ ಮೇಲೆ ಕೊಳೆ ಕಚ್ಚದಂತೆ ಹಚ್ಚುವ ಹೊಸ ಲೇಪ ಆರಲು ರಾತ್ರಿಯಿಡೀ ಸಮಯ ಸಿಗುತ್ತದೆ.

ಭಾನುವಾರ, ಬಲಗಡೆಯ ಮುಂದಿನ ಚಕ್ರ

ಬೆಳಿಗ್ಗೆ 6.30ಕ್ಕೆ ಆರಂಭಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೆಯ ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಸೈಜುಗಲ್ಲು ಒತ್ತುಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿದೆ. ಬಿಚ್ಚುವಾಗ ಸ್ಟೆಪ್ನಿಯನ್ನು ಬಾಗಿಲಿನ ಕೆಳಗೆ ಮಲಗಿಸಿಟ್ಟಿದ್ದೆ. ಜಾಕ್ ಜಾರಿದರೆ ಕಾರು ಅದರ ಮೇಲೆ ಕೂರಲಿ ಎಂಬ ಮುನ್ನೆಚ್ಚರಿಕೆ ಅದು.

ಚಕ್ರ ಕೈಗೆ ಬಂದಾಗ ನಿಜವಾದ ಕೊಳೆ ಎಲ್ಲಿದೆಯೆಂದು ಗೊತ್ತಾಯಿತು. ಒಳಮೈ ಮರಳು ಕಾಗದದಂತೆ ಒರಟಾಗಿತ್ತು. ಮೊದಲು ನೀರು ಹಾಯಿಸಿ ಮಣ್ಣು ತೆಗೆದು, ಕಾರ್ ಶಾಂಪೂ ಕಲಸಿದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದಲೂ, ನಟ್ ಕೂರುವ ಗುಳಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೂ ತಿಕ್ಕಿದೆ. ಆ ಬಳಿಕವೇ, ಕಚ್ಚಿಕೊಂಡ ಕಬ್ಬಿಣದ ಕಣಗಳನ್ನು ಕರಗಿಸುವ ಐರನ್ ರಿಮೂವರ್ ಸಿಂಪಡಿಸಿದ್ದು. ಬಣ್ಣವಿಲ್ಲದ ಆ ದ್ರವ ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ನೇರಳೆ ಚುಕ್ಕೆಗಳಾಗಿ ಮೂಡಿ, ಚುಕ್ಕೆಗಳು ಒಂದಕ್ಕೊಂದು ಸೇರಿ, ಕಡೆಗೆ ನೇರಳೆ ಹಣ್ಣಿನ ರಸದಂತೆ ಸ್ಪೋಕ್‌ಗುಂಟ ಇಳಿಯತೊಡಗಿತು. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದೊಡನೆ ಸೇರಿದಾಗ ಬರುವ ಬಣ್ಣ ಅದು. ಇದೇ ವರ್ಗದ ರಾಸಾಯನಿಕವನ್ನು ಪಾರ್ಲರ್‌ಗಳಲ್ಲಿ ಕೂದಲು ಗುಂಗುರು ಮಾಡಲೂ ಬಳಸುತ್ತಾರೆ. “ಅಪ್ಪಾ, ಯಾರು ಕೊಳೆತ ಮೊಟ್ಟೆ ಒಡೆದದ್ದು?” ಎಂದು ಮಗಳು ಮಹಡಿಯಿಂದ ಕೂಗಿದಳು. ಕೈಗವಸು ಹಾಕಿಕೊಂಡು ಗಾಳಿಯಾಡುವ ಕಡೆ ಮಾಡಬೇಕಾದ ಕೆಲಸವಿದು. ಐದು ನಿಮಿಷ ಮೀರುವ ಮೊದಲೇ, ಒಣಗಲು ಬಿಡದೆ ತೊಳೆದೆ. ಒಳಮೈಗೆ ಎರಡನೆಯ ಸುತ್ತು ಬೇಕಾಯಿತು.

ಉಳಿದ ಡಾಂಬರಿನ ಚುಕ್ಕೆಗಳಿಗೆ ಟಾರ್ ರಿಮೂವರ್ ಸಾಕಾಯಿತು. ಸೀಮೆಎಣ್ಣೆಯಿಂದಲೂ ಡಾಂಬರು ಕರಗುತ್ತದೆ, ಆದರೆ ಎಣ್ಣೆಯ ಪದರ ಉಳಿಯುತ್ತದೆ, ಟೈರಿನ ರಬ್ಬರಿಗೂ ಒಳ್ಳೆಯದಲ್ಲ. ಒಳಮೈಗೆ ಅಂಟಿಸಿರುವ ಬ್ಯಾಲೆನ್ಸಿಂಗ್ ತೂಕದ ಪಟ್ಟಿಗಳ ಬಳಿ ಮಾತ್ರ ಕೈ ಹಗುರವಾಗಿರಬೇಕು. ಅವು ಕಿತ್ತುಬಂದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ.

ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದಲ್ಲೆಲ್ಲ ಬಿಳಿ ಉಂಗುರ ಬಿಡುತ್ತದೆ. ಆದ್ದರಿಂದ ಕೊನೆಯ ತೊಳೆತಕ್ಕೆ ತಾರಸಿಯಿಂದ ಹಿಡಿದಿಟ್ಟ ಎರಡು ಬಕೆಟ್ ಮಳೆನೀರನ್ನು ಬಳಸಿ ಮೈಕ್ರೋಫೈಬರ್ ಬಟ್ಟೆಯಿಂದ ಒರಸಿದೆ.

ಅದೇ ದಿನ ಸಂಜೆ

ಲೇಪವಾಗಿ ಮೇಣವನ್ನು ಬಿಟ್ಟು ಸಿಂಥೆಟಿಕ್ ಸೀಲಂಟನ್ನು ಆರಿಸಿಕೊಂಡೆ. ಕಾರ್ ಪಾಲಿಶ್‌ಗಳಲ್ಲಿ ಬಳಸುವ ಕಾರ್ನೌಬಾ ಎಂಬ ಸಸ್ಯಜನ್ಯ ಮೇಣ 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಘಾಟಿ ಇಳಿದ ಡಿಸ್ಕಿನ ಪಕ್ಕದಲ್ಲಿ ಅದು ಹೆಚ್ಚು ದಿನ ಬಾಳುವ ಭರವಸೆ ನನಗಿಲ್ಲ. ಸಿರಾಮಿಕ್ ಲೇಪ ಇನ್ನೂ ಗಟ್ಟಿ ಎಂಬುದು ನಿಜ, ಆದರೆ ಒರಸುವುದು ತಡವಾದರೆ ಕಲೆಯಾಗಿ ನಿಲ್ಲುತ್ತದೆ, ಆಮೇಲೆ ಪಾಲಿಶ್ ಮಾಡಿಯೇ ತೆಗೆಯಬೇಕು. ನನ್ನಂಥ ಹವ್ಯಾಸಿಗೆ ಸದ್ಯಕ್ಕೆ ಆ ಸಾಹಸ ಬೇಡ.

ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಚಕ್ರದ ಮೈ ಒರಸಿ, ಸೀಲಂಟನ್ನು ತೆಳುವಾಗಿ ಒಳಗೂ ಹೊರಗೂ ಹಚ್ಚಿದೆ. ಚಕ್ರವನ್ನು ಹೊರುವ ಹಬ್‌ಗೆ ತಾಗುವ ಮುಖಕ್ಕೂ ನಟ್ ಕೂರುವ ಜಾಗಕ್ಕೂ ಹಚ್ಚಲಿಲ್ಲ. ಅಲ್ಲಿ ಜಾರಿಕೆ ಇರಕೂಡದು.

ಸೋಮವಾರದಿಂದ ಬುಧವಾರ

ಜೋಡಿಸುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿಸಿ, ಕಾರನ್ನು ನೆಲಕ್ಕಿಳಿಸಿದ ಮೇಲೆ ಬಿಗಿತವನ್ನು ಅಳೆಯುವ ಟಾರ್ಕ್ ಪಾನಾದಿಂದ ನನ್ನ ಕಾರಿಗೆ ಬೇಕಾದ 110 ನ್ಯೂಟನ್ ಮೀಟರ್‌ಗೆ ತಂದೆ. ಹಿಂದಿನ ಎರಡು ಚಕ್ರಗಳು ಒಂದೊಂದು ಗಂಟೆಯಲ್ಲಿ ಮುಗಿದವು. ಬುಧವಾರ ಎಡಗಡೆಯ ಮುಂದಿನ ಚಕ್ರಕ್ಕೆ ಕೈ ಹಾಕುವಾಗ ಕಚೇರಿಗೆ ಹೊತ್ತಾಗಿತ್ತು. ಒಳಮೈಗೆ ಐರನ್ ರಿಮೂವರಿನ ಎರಡನೆಯ ಸುತ್ತನ್ನು ಕೈಬಿಟ್ಟು ನೇರವಾಗಿ ಸೀಲಂಟ್ ಹಚ್ಚಿಬಿಟ್ಟೆ. ಹಳೆಯ ಹನಿಗುರುತುಗಳೂ ಹಾಗೆಯೇ ಇವೆ. ಸುಮಾರು 50 ಕಿಲೋಮೀಟರ್ ಓಡಿದ ನಂತರ ನಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡಿದೆ, ಯಾವುದೂ ಸಡಿಲಾಗಿರಲಿಲ್ಲ.

ನಾಲ್ಕು ವಾರಗಳ ನಂತರ

ಪುತ್ತೂರಿಗೆ ಹೋಗಿಬಂದು, ಚಕ್ರಗಳು ಪೂರ್ತಿ ತಣಿದ ಮೇಲೆ, ಮಾರನೆಯ ದಿನ ಬರೀ ಶಾಂಪೂ ನೀರಿನಲ್ಲಿ ತೊಳೆದೆ. ಮೂರು ಚಕ್ರಗಳ ಕೊಳೆ ಬಟ್ಟೆ ಆಡಿಸಿದಷ್ಟಕ್ಕೇ ಬಿಟ್ಟುಕೊಂಡಿತು. ಬಲಗಡೆಯ ಮುಂದಿನದರ ಒಳಮೈಗೆ ಸ್ಪೋಕ್‌ಗಳ ನಡುವಿನಿಂದ ಬೆರಳು ತೂರಿಸಿ ಸವರಿದರೆ ನಯವಾಗಿಯೇ ಇದೆ, ನೀರು ಗುಂಡು ಹನಿಗಳಾಗಿ ಉರುಳುತ್ತದೆ. ಎಡಗಡೆಯ ಮುಂದಿನದರಲ್ಲಿ ಮಾತ್ರ ನೀರು ಹಾಳೆಯಂತೆ ಹರಡಿ ನಿಲ್ಲುತ್ತಿದೆ, ಬೆರಳಿಗೆ ಅದೇ ಮರಳು ಕಾಗದದ ಒರಟು. ಬರುವ ಭಾನುವಾರ ಅದನ್ನು ಮತ್ತೆ ಬಿಚ್ಚಬೇಕು. ಐರನ್ ರಿಮೂವರ್ ಇನ್ನೂ ಅರ್ಧ ಬಾಟಲಿ ಇದೆ.