ನರಾರಾ: ಹವಳದ ನಡುವೆ ನಡೆಯಲು ಹೊರಟವರಿಗೆ

ದ್ವಾರಕೆ, ಸೋಮನಾಥ ಅಂತ ಗುಜರಾತಿಗೆ ಹೋಗುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ತುಂಬಾ ಮಂದಿ ಜಾಮ್‌ನಗರದಿಂದ ದ್ವಾರಕೆಗೆ ಹೋಗುವ ಹೆದ್ದಾರಿಯಲ್ಲೇ ಸಾಗುತ್ತಾರೆ. ಅದೇ ದಾರಿಯಲ್ಲಿ ಬಲಕ್ಕೆ ತಿರುಗಿ ವಾಡಿನಾರ್ ಕಡೆ ಹೋದರೆ ನರಾರಾ ಸಿಗುತ್ತದೆ. ಜಾಮ್‌ನಗರದಿಂದ ಸುಮಾರು 60 ಕಿ.ಮೀ. ಇಲ್ಲಿ ಹವಳ ನೋಡಲು ಈಜು ಬರಬೇಕಿಲ್ಲ, ದೋಣಿ ಬೇಡ, ಬೆನ್ನಿಗೆ ಸಿಲಿಂಡರ್ ಬೇಡ. ನೀರು ಇಳಿದಾಗ ಕಡಲ ತಳದ ಮೇಲೆ ನಡೆದೇ ಹೋಗಬಹುದು.

ನಮಗೆ ಇದು ಇಷ್ಟು ಸುಲಭ ಅನ್ನುವುದೇ ಅಲ್ಲಿನ ಜೀವಿಗಳಿಗೆ ತೊಂದರೆ. ಸಮುದ್ರದ ಆಳದಲ್ಲಿರುವ ಹವಳವನ್ನು ತುಳಿಯುವವರು ಯಾರೂ ಇಲ್ಲ. ಇಲ್ಲಿರುವುದನ್ನು ಮಾತ್ರ ದಿನವೂ ಯಾರೋ ಒಬ್ಬರು ತುಳಿಯಬಹುದು. ಹಾಗಾಗಿ ಈ ಬರಹದಲ್ಲಿ ಹೇಗೆ ಹೋಗಬೇಕು ಅನ್ನುವುದಕ್ಕಿಂತ ಹೇಗೆ ನಡೆಯಬೇಕು ಅನ್ನುವುದೇ ಜಾಸ್ತಿ ಇದೆ.

ಟಿಕೆಟ್ ಬುಕ್ ಮಾಡುವ ಮೊದಲು ಪಂಚಾಂಗ ತೆರೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ನೀರು ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಇಳಿತ ಕಡಿಮೆ. ಆಗ ಹೋದರೆ ಹವಳದ ಬಹುಭಾಗ ನೀರಿನ ಕೆಳಗೇ ಉಳಿದಿರುತ್ತದೆ. ದಿನಕ್ಕೆ ಎರಡು ಸಲ ಇಳಿತ ಬರುತ್ತದೆ. ಪ್ರತಿದಿನ ಅದು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ನಿಮಗೆ ಬೇಕಾದದ್ದು ಹಗಲು ಬೆಳಕಿನಲ್ಲಿ ಬರುವ ಇಳಿತ. ಮೊಬೈಲಿನಲ್ಲಿ ಉಬ್ಬರ–ಇಳಿತದ ಸಮಯ ತೋರಿಸುವ ಆ್ಯಪ್‌ಗಳಿವೆ. ಅದರಲ್ಲಿ ವಾಡಿನಾರ್ ಅಥವಾ ಸಿಕ್ಕಾ ಬಂದರಿನ ಸಮಯ ನೋಡಿ. ದ್ವಾರಕೆಯ ಹತ್ತಿರದ ಓಖಾ ಬಂದರಿನ ಸಮಯ ಇಲ್ಲಿಗೆ ಸರಿಹೊಂದುವುದಿಲ್ಲ.

ನಮ್ಮ ಕರಾವಳಿಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಮಂಗಳೂರು, ಮಲ್ಪೆ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ಇರುವ ವ್ಯತ್ಯಾಸ ಎರಡು ಮೀಟರ್ ಕೂಡ ಇರುವುದಿಲ್ಲ. ನರಾರಾ ಇರುವ ಕಛ್ ಕೊಲ್ಲಿ ಬಾಯಿಯಲ್ಲಿ ಅಗಲವಾಗಿದ್ದು ಒಳಗೆ ಹೋದಂತೆ ಕಿರಿದಾಗುತ್ತದೆ. ನೀರು ಒತ್ತಿಕೊಂಡು ಏರುತ್ತದೆ. ಕೊಲ್ಲಿಯ ಒಳತುದಿಯ ಕಾಂಡ್ಲಾ ಬಂದರಿನ ಹತ್ತಿರ ಈ ವ್ಯತ್ಯಾಸ ಸುಮಾರು 7 ಮೀಟರ್‌ವರೆಗೆ ಹೋಗುತ್ತದೆ. ನರಾರಾದಲ್ಲಿ ಅಷ್ಟಿಲ್ಲ, ಆದರೂ ನಾವು ನೋಡಿ ಅಭ್ಯಾಸವಿರುವುದಕ್ಕಿಂತ ತುಂಬಾ ಜಾಸ್ತಿ. ನೆಲ ಸಮತಟ್ಟಾಗಿರುವುದರಿಂದ ನೀರು ಬರುವಾಗ ಅಲೆಯಾಗಿ ಬರುವುದಿಲ್ಲ. ಸದ್ದಿಲ್ಲದೆ ಹರಡಿಕೊಳ್ಳುತ್ತದೆ. ನೀವು ದಾಟಿ ಬಂದ ತಗ್ಗುಗಳು ನಿಮ್ಮ ಬೆನ್ನ ಹಿಂದೆಯೇ ತುಂಬಿಕೊಳ್ಳುತ್ತವೆ. ಆದ್ದರಿಂದ ನೀರು ಇನ್ನೂ ಇಳಿಯುತ್ತಿರುವಾಗಲೇ ಒಳಗೆ ಹೊರಡಬೇಕು. ಇಳಿತದ ಕೊನೆಯ ಹೊತ್ತಿಗೆ ದೂರದ ತುದಿಯಲ್ಲಿರಬೇಕು. ಗೈಡ್ ವಾಪಸ್ ಹೊರಡಿ ಅಂದಾಗ ಇನ್ನೊಂದು ಫೋಟೋ ಅಂತ ನಿಲ್ಲಬೇಡಿ.

ತಲುಪುವುದು ಕಷ್ಟವಿಲ್ಲ. ಕರಾವಳಿಯವರಿಗೆ ಕೊಂಕಣ ರೈಲ್ವೆ ಮೂಲಕ ಹೋಗುವ ಎರ್ನಾಕುಲಂ–ಓಖಾ ರೈಲು ಜಾಮ್‌ನಗರವನ್ನು ಹಾದು ಹೋಗುತ್ತದೆ. ಬೆಂಗಳೂರಿನವರು ಅಹಮದಾಬಾದ್ ಅಥವಾ ರಾಜ್‌ಕೋಟ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರೈಲು ಅಥವಾ ರಸ್ತೆ ಹಿಡಿಯಬಹುದು. ರಾಜ್‌ಕೋಟ್‌ನಿಂದ ಜಾಮ್‌ನಗರ ಸುಮಾರು 90 ಕಿ.ಮೀ. ಜಾಮ್‌ನಗರದಲ್ಲೇ ಉಳಿದು, ಅಲ್ಲಿಂದ ಕಾರು ಮಾಡಿಕೊಂಡು ಹೋಗಿ ಬರುವುದು ಒಳ್ಳೆಯದು. ಇಳಿತದ ಸಮಯ ಬಸ್ಸಿಗೆ ಕಾಯುವುದಿಲ್ಲ. ತಿಂಗಳು ಅಂದರೆ ನವೆಂಬರ್‌ನಿಂದ ಫೆಬ್ರವರಿ ಸರಿ. ಮಳೆಗಾಲ ಬೇಡ. ಮಾರ್ಚ್ ಕಳೆದ ಮೇಲೆ ಆ ಬಯಲಿನ ಬಿಸಿಲು ಸಹಿಸುವುದು ಕಷ್ಟ, ನೆರಳು ಅನ್ನುವುದು ಎಲ್ಲೂ ಇಲ್ಲ.

ಇದು ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ. ಕಛ್ ಕೊಲ್ಲಿಯ ದಕ್ಷಿಣ ದಂಡೆಯ ಈ ಭಾಗವನ್ನು 1980ರಲ್ಲಿ ಅಭಯಾರಣ್ಯ ಅಂತ ಘೋಷಿಸಿದರು. 1982ರಲ್ಲಿ ಅದರ ಒಂದು ಭಾಗ ಭಾರತದ ಮೊದಲ ಕಡಲ ರಾಷ್ಟ್ರೀಯ ಉದ್ಯಾನವಾಯಿತು. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ನಿಯಮ, ಶುಲ್ಕ ಬದಲಾಗುತ್ತಿರುತ್ತವೆ. ಹೊರಡುವ ಮೊದಲು ಜಾಮ್‌ನಗರದ ಕಚೇರಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಗೈಡ್ ಇಲ್ಲದೆ ಒಳಗೆ ಹೋಗುವ ಯೋಚನೆ ಬೇಡ. ಹಿಂದಿ ಬಂದರೆ ಸಾಕು, ಮಾತಿಗೆ ತೊಂದರೆಯಿಲ್ಲ. ದೊಡ್ಡ ಗುಂಪು ಕಟ್ಟಿಕೊಂಡು ಹೋಗಬೇಡಿ. ಐದಾರು ಜನಕ್ಕೆ ಒಬ್ಬ ಗೈಡ್ ಇದ್ದರೆ ಅವರು ಹೇಳಿದ್ದು ಕೇಳಿಸುತ್ತದೆ, ನೀವು ಎಲ್ಲಿ ಕಾಲಿಡುತ್ತಿದ್ದೀರಿ ಅನ್ನುವುದು ಅವರಿಗೆ ಕಾಣಿಸುತ್ತದೆ.

ಶೂ ಬಗ್ಗೆ ಒಂದು ಮಾತು. ಚಪ್ಪಲಿ ಬೇಡವೇ ಬೇಡ, ಕೆಸರಿನಲ್ಲಿ ಕಿತ್ತು ಬರುತ್ತದೆ. ಹಳೆಯ ಕ್ಯಾನ್ವಾಸ್ ಶೂ ಅಥವಾ ಸ್ಪೋರ್ಟ್ಸ್ ಶೂ, ದಪ್ಪ ಕಾಲುಚೀಲ. ಅದು ಪೂರ್ತಿ ನೆನೆಯುತ್ತದೆ, ನೆನೆಯಲಿ. ಬಂಡೆಗಳ ಮೇಲೆ ಚೂಪಾದ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಹವಳ ತಾಗಿ ಆದ ಗಾಯ ಬೇಗ ಮಾಯುವುದಿಲ್ಲ. ಕೊಯ್ದುಕೊಂಡರೆ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆದು ಔಷಧಿ ಹಚ್ಚಿ. ಮೊಣಕಾಲವರೆಗೆ ಮಡಚಬಹುದಾದ ಪ್ಯಾಂಟ್, ಉದ್ದ ತೋಳಿನ ಅಂಗಿ, ಟೋಪಿ ಇದ್ದರೆ ಸನ್‌ಸ್ಕ್ರೀನ್ ಬಳಿಯುವ ಅಗತ್ಯ ಅಷ್ಟಾಗಿ ಬರುವುದಿಲ್ಲ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಹವಳಕ್ಕೆ ಹಾನಿ ಮಾಡುತ್ತವೆ ಅನ್ನುವ ಕಾರಣಕ್ಕೆ ಹವಾಯಿ ರಾಜ್ಯ 2021ರಿಂದ ಅವುಗಳ ಮಾರಾಟ ನಿಲ್ಲಿಸಿದೆ. ನರಾರಾದಲ್ಲಿ ನೀವು ಕಾಲಿಡುವುದು ಇಳಿತದಲ್ಲಿ ಉಳಿದ ಸಣ್ಣ ಸಣ್ಣ ಹೊಂಡಗಳ ನಡುವೆ. ಅಷ್ಟು ನೀರಿನಲ್ಲಿ ಮುಂದಿನ ಉಬ್ಬರದವರೆಗೆ ಹತ್ತಾರು ಜೀವಿಗಳು ಇರಬೇಕು. ಕೈಗೆ ಬಳಿದದ್ದೆಲ್ಲ ಅಲ್ಲೇ ಬಿಡುವುದು ಸರಿಯಲ್ಲ ಅಲ್ವಾ?

ನಾವು ಹೋದಾಗ ಮೊದಲ ಅರ್ಧ ಕಿಲೋಮೀಟರ್‌ನಲ್ಲಿ ವಿಶೇಷ ಏನೂ ಕಾಣಲಿಲ್ಲ. ಕೆಸರು, ಮರಳು, ಓಡುವ ಏಡಿಗಳು, ದಡದ ಕಡೆ ಮ್ಯಾಂಗ್ರೋವ್ ಗಿಡಗಳು. ಆಮೇಲೆ ಕಣ್ಣು ಪಳಗುತ್ತದೆ. ಕಲ್ಲು ಅಂದುಕೊಂಡಿದ್ದು ಹವಳ. ಪಾಚಿ ಅಂದುಕೊಂಡಿದ್ದು ಅನೆಮೋನ್ ಅನ್ನುವ ಹೂವಿನಂಥ ಕಡಲ ಪ್ರಾಣಿ, ಕೈಬೆರಳ ತುದಿಯಷ್ಟು ಬಾಯಿ ತೆರೆದು ನೀರಿನಲ್ಲಿ ಆಡುತ್ತಿದೆ. ಬಂಡೆ ಸಂದಿಯಲ್ಲಿ ಆಕ್ಟೋಪಸ್ ಕೂತಿತ್ತು. ಗೈಡ್ ತೋರಿಸಿದ ಮೇಲೂ ನಮಗೆ ಕಾಣಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅದು ಬಣ್ಣ ಬದಲಿಸಿಕೊಂಡು ಇನ್ನೊಂದು ಸಂದಿಗೆ ಹೋಗಿತ್ತು. ನಕ್ಷತ್ರ ಮೀನು, ಸೌತೆಕಾಯಿ ಆಕಾರದ ಸಮುದ್ರ ಸೌತೆ ಅನ್ನುವ ಪ್ರಾಣಿ, ನೇರಳೆ ಅಂಚಿನ ಚಪ್ಪಟೆ ಹುಳ, ಎಲ್ಲವೂ ಮಂಡಿ ಬಗ್ಗಿಸಿ ಕಾದು ನೋಡುವವರಿಗೆ ಮಾತ್ರ.

ಇಲ್ಲಿನ ಹವಳ ಟಿವಿಯಲ್ಲಿ ನೋಡುವಂತೆ ಕೊಂಬೆ ಕೊಂಬೆಯಾಗಿ, ಬಣ್ಣ ಬಣ್ಣವಾಗಿ ಇರುವುದಿಲ್ಲ. ಅದನ್ನು ನಿರೀಕ್ಷಿಸಿ ಹೋದವರಿಗೆ ಬೇಸರವಾದೀತು. ಹೆಚ್ಚಿನವು ಕಂದು, ಹಸಿರು ಬಣ್ಣದ ಗುಂಡು ಗುಂಡಾದ ಗಡ್ಡೆಗಳು. ಭಾರತದಲ್ಲಿ ಇಷ್ಟು ಉತ್ತರದಲ್ಲಿ ಬೇರೆಲ್ಲೂ ಹವಳದ ದಿಬ್ಬಗಳಿಲ್ಲ. ಚಳಿಗಾಲದ ತಣ್ಣೀರು, ಬೇಸಿಗೆಯ ಬಿಸಿ, ವಿಪರೀತ ಉಪ್ಪು, ದಿನಕ್ಕೆ ಎರಡು ಸಲ ಗಾಳಿಗೆ ಒಡ್ಡಿಕೊಳ್ಳುವುದು, ಇಷ್ಟನ್ನೂ ತಡೆದುಕೊಂಡು ಉಳಿದಿರುವ ಗಟ್ಟಿ ಜಾತಿಗಳು ಇವು. ಆದರೆ ಬೆಳೆಯುವುದು ನಿಧಾನ. ಇಂಥ ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನೀವು ಕಾಲಿಟ್ಟು ಮುರಿದ ಅಂಗೈ ಅಗಲದ ತುಂಡಿಗೆ ಎಷ್ಟು ವರ್ಷ ಆಗಿರಬಹುದು, ಲೆಕ್ಕ ಹಾಕಿ ನೋಡಿ.

ಆದ್ದರಿಂದ ಮರಳಿನ ಮೇಲೆ ಕಾಲಿಡಿ. ಎರಡು ಹವಳದ ನಡುವೆ ಮರಳಿನ ಜಾಗ ಇದ್ದೇ ಇರುತ್ತದೆ. ಅದು ಸುತ್ತು ದಾರಿಯಾದರೂ ಪರವಾಗಿಲ್ಲ. ಗೈಡ್ ಹೆಜ್ಜೆಯ ಹಿಂದೆಯೇ ಒಬ್ಬರ ಹಿಂದೆ ಒಬ್ಬರು ಹೋಗಿ. ಹರಡಿಕೊಂಡು ನಡೆದರೆ ಪ್ರತಿಯೊಬ್ಬರೂ ಹೊಸ ಜಾಗ ತುಳಿಯುತ್ತಾರೆ. ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಾಗಲೇ ಹೆಚ್ಚು ಮುರಿಯುವುದು. ಊರುಗೋಲು ತಂದಿದ್ದರೆ ಮರಳಿಗೆ ಮಾತ್ರ ಊರಿ. ಕಲ್ಲು ಎತ್ತಿ ಕೆಳಗೇನಿದೆ ಅಂತ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಅಡಿಭಾಗದಲ್ಲಿ ಅಂಟಿಕೊಂಡಿರುವ ಜೀವಿಗಳು ನೆರಳಿಗೆ ಒಗ್ಗಿಕೊಂಡಿರುತ್ತವೆ. ಕಲ್ಲು ಮಗುಚಿ ಬಿಟ್ಟರೆ ಅವು ಬಿಸಿಲಿಗೆ ಒಣಗಿ ಸಾಯುತ್ತವೆ. ಗೈಡ್ ಎತ್ತಿ ತೋರಿಸಿದರೂ, ಇದ್ದ ಹಾಗೇ ವಾಪಸ್ ಇಡಲು ಹೇಳಿ.

ಪಫರ್ ಮೀನಿನ ವಿಷಯಕ್ಕೆ ಬರೋಣ. ನಾವಿದ್ದಾಗ ಇನ್ನೊಂದು ಗುಂಪಿನವರು ಹೊಂಡದಲ್ಲಿದ್ದ ಪಫರ್ ಮೀನನ್ನು ಹೊರಗೆ ತೆಗೆಸಿ, ಅದು ಚೆಂಡಿನಂತೆ ಉಬ್ಬುವುದನ್ನು ವಿಡಿಯೋ ಮಾಡುತ್ತಿದ್ದರು. ಮೀನು ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ನಗು. ಅದು ಉಬ್ಬುವುದು ಹೆದರಿಕೆಗೆ. ಸಾಮಾನ್ಯವಾಗಿ ನೀರು ಕುಡಿದು ಉಬ್ಬುತ್ತದೆ. ನೀರಿನಿಂದ ಹೊರಗೆ ತೆಗೆದಾಗ ಗಾಳಿ ನುಂಗುತ್ತದೆ. ಆ ಗಾಳಿಯನ್ನು ಹೊರಹಾಕಲು ಆಗದೆ ಹೊಟ್ಟೆ ಮೇಲಾಗಿ ತೇಲಿ ಸಾಯುವುದೂ ಉಂಟು. ಜೊತೆಗೆ ಅದರ ಮೈಯಲ್ಲಿ ಟೆಟ್ರೋಡೋಟಾಕ್ಸಿನ್ ಅನ್ನುವ ಭಾರಿ ವಿಷ ಇರುತ್ತದೆ. ಅದನ್ನು ಮುಟ್ಟಿದ ಕೈಯಲ್ಲೇ ಆ ಮಕ್ಕಳು ಬಿಸ್ಕತ್ತು ತಿನ್ನುತ್ತಿದ್ದರು. ಸಮುದ್ರ ಸೌತೆಯದೂ ಇದೇ ಕತೆ. ಜಾಸ್ತಿ ಹೆದರಿಸಿದರೆ ಕೆಲವು ಜಾತಿಯವು ತಮ್ಮ ಕರುಳನ್ನೇ ಹೊರಗೆ ಚೆಲ್ಲುತ್ತವೆ.

ಇದರಲ್ಲಿ ಗೈಡ್‌ಗಳನ್ನು ಮಾತ್ರ ದೂರುವುದು ನನಗೆ ಸರಿ ಕಾಣುವುದಿಲ್ಲ. ಬಂದವರು ಅದನ್ನೇ ಕೇಳುತ್ತಾರೆ, ಖುಷಿಯಾದರೆ ಕೈಗೆ ಹೆಚ್ಚಿಗೆ ದುಡ್ಡು ಇಡುತ್ತಾರೆ. ನಾವು ಹೊರಡುವಾಗಲೇ ನಮ್ಮ ಗೈಡ್‌ಗೆ ಹೇಳಿದ್ದೆವು: ಏನನ್ನೂ ಹಿಡಿದು ತೋರಿಸುವುದು ಬೇಡ, ಇದ್ದಲ್ಲೇ ತೋರಿಸಿ ಸಾಕು, ಭಕ್ಷೀಸು ಹೇಗೂ ಕೊಡುತ್ತೇವೆ ಅಂತ. ಅವರಿಗೂ ನಿರಾಳವಾದಂತೆ ಕಂಡಿತು. ಕಣ್ಣಿಗೆ ಬೀಳದ ಎಷ್ಟೋ ಸಣ್ಣ ಜೀವಿಗಳನ್ನು ಆಮೇಲೆ ಅವರೇ ಹುಡುಕಿ ತೋರಿಸಿದರು.

ಚಿಪ್ಪು, ಹವಳದ ತುಂಡು ಯಾವುದನ್ನೂ ಜೇಬಿಗೆ ಹಾಕಬೇಡಿ. ಸತ್ತು ಬಿಳಿಯಾದ ತುಂಡೂ ಬೇಡ. ಹವಳ, ಸಮುದ್ರ ಸೌತೆ, ಕಡಲ್ಗುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಖಾಲಿ ಚಿಪ್ಪು ತಾನೇ ಅಂದುಕೊಂಡರೆ, ಅದು ಇನ್ನೊಂದು ಸನ್ಯಾಸಿ ಏಡಿಗೆ ಮನೆಯಾಗಬೇಕಾದದ್ದು.

ನಡೆಯುತ್ತಾ ತಲೆ ಎತ್ತಿದರೆ ದೂರದಲ್ಲಿ ತೈಲದ ಟ್ಯಾಂಕ್‌ಗಳು ಕಾಣುತ್ತವೆ. ವಾಡಿನಾರ್‌ನಲ್ಲಿ ಹಡಗುಗಳಿಂದ ಕಚ್ಚಾ ತೈಲ ಇಳಿಸಿಕೊಳ್ಳುತ್ತಾರೆ, ಪೈಪ್‌ಲೈನ್‌ಗಳು ಇದೇ ಕಡಲಿನಡಿ ಹಾದು ಬರುತ್ತವೆ. ಜಗತ್ತಿನ ಅತಿ ದೊಡ್ಡ ತೈಲ ಶುದ್ಧೀಕರಣ ಕೇಂದ್ರ ಇರುವುದೂ ಇದೇ ಜಾಮ್‌ನಗರದಲ್ಲಿ. ಉದ್ಯಾನ ಆಗುವ ಮೊದಲು ಸಿಮೆಂಟ್ ತಯಾರಿಸಲು ಇಲ್ಲಿನ ಹವಳದ ಮರಳನ್ನು ಬಗೆದು ಒಯ್ಯುತ್ತಿದ್ದರು. ಹಾಗೆ ಬಗೆದಾಗ ಎದ್ದ ಹೂಳು ಉಳಿದ ಹವಳದ ಮೇಲೆ ಕೂತಿತು. ಹವಳದೊಳಗಿದ್ದು ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಗೆ ಬಿಸಿಲು ಬೇಕು. ಹೂಳು ಮುಚ್ಚಿದರೆ ಹವಳಕ್ಕೆ ಆಹಾರವೂ ಇಲ್ಲ, ಉಸಿರೂ ಇಲ್ಲ. ಇಷ್ಟು ದೊಡ್ಡ ಉದ್ಯಮದ ಎದುರು ಪ್ರವಾಸಿಯ ಒಂದು ಹೆಜ್ಜೆ ಏನು ಮಹಾ ಅಂತ ನಮ್ಮ ಜೊತೆ ಬಂದಿದ್ದ ಅಕ್ಕನ ಮಗ ಕೇಳಿದ. ಪ್ರಶ್ನೆ ಸರಿಯಾದದ್ದೇ. ಉದ್ಯಮದ ಮೇಲೆ ಕಣ್ಣಿಡುವುದು ಸರ್ಕಾರದ, ಕೋರ್ಟಿನ ಕೆಲಸ. ಜನ ಕೇಳುತ್ತಿದ್ದರೆ ಮಾತ್ರ ಅವೂ ನಡೆಯುತ್ತವೆ. ಆದರೆ ಪ್ರವಾಸಿಗಳು ನಡೆಯುವ ಆ ಒಂದು ಪಟ್ಟಿಯಲ್ಲಿ, ದಡದಿಂದ ನಡೆದು ತಲುಪುವಷ್ಟು ದೂರದಲ್ಲಿ, ಹವಳ ಮುರಿಯುವುದು ತೈಲದಿಂದಲ್ಲ, ಶೂಗಳಿಂದ.

ಹರಿದ ಬಲೆ ಹವಳಕ್ಕೆ ಸುತ್ತಿಕೊಂಡದ್ದು ಕಂಡರೆ ಎಳೆಯಲು ಹೋಗಬೇಡಿ, ಹವಳವೂ ಕಿತ್ತು ಬರುತ್ತದೆ. ಜಾಗ ತೋರಿಸಿ ಅರಣ್ಯ ಸಿಬ್ಬಂದಿಗೆ ಹೇಳಿ. ಸುಮ್ನೆ ತೇಲುವ ಪ್ಲಾಸ್ಟಿಕ್ ಆದರೆ ಎತ್ತಿಕೊಳ್ಳಬಹುದು. ಒಂದು ಖಾಲಿ ಚೀಲ ಇಟ್ಟುಕೊಂಡಿರಿ. ನೀರಿನ ಬಾಟಲಿ ಸ್ಟೀಲಿನದಾಗಿರಲಿ. ತಿಂಡಿ ದಡದಲ್ಲೇ ಮುಗಿಸಿ.

ಎಂಟು ಹತ್ತು ವರ್ಷ ದಾಟಿದ, ಹೇಳಿದ ಮಾತು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಮಂಡಿ ನೋವಿರುವ ಹಿರಿಯರಿಗೆ ಇದು ಆಗದು. ಅವರನ್ನು ಜಾಮ್‌ನಗರದ ಹತ್ತಿರದ ಖಿಜಡಿಯಾ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿ. ಒಡ್ಡಿನ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರಿನ ಬಯಲು. ಚಳಿಗಾಲದಲ್ಲಿ ಎರಡೂ ಕಡೆ ಹಕ್ಕಿಗಳು. ಇದು ಈಗ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಯಲ್ಲಿದೆ. ಪಿರೋಟನ್ ದ್ವೀಪದ ಹೆಸರೂ ನೀವು ಕೇಳಿರಬಹುದು. ಅಲ್ಲಿಗೆ ದೋಣಿ ಬೇಕು, ಒಂದಕ್ಕಿಂತ ಹೆಚ್ಚು ಇಲಾಖೆಗಳ ಅನುಮತಿ ಬೇಕು. ಮೊದಲೇ ಕೇಳಿ ಖಚಿತ ಮಾಡಿಕೊಳ್ಳದೆ ಅದನ್ನು ಯೋಜನೆಯಲ್ಲಿ ಸೇರಿಸಬೇಡಿ.

ಸೋಮನಾಥಕ್ಕೆ ಮುಂದುವರಿಯುವವರು ವೆರಾವಲ್ ಮೀನುಗಾರಿಕಾ ಬಂದರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಂದು ಕಾಲದಲ್ಲಿ ಈ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಎಣ್ಣೆಗೆ, ಮಾಂಸಕ್ಕೆ ಕೊಲ್ಲುತ್ತಿದ್ದರು. 2001ರಲ್ಲಿ ಈ ಶಾರ್ಕ್‌ಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಅದನ್ನು ಉಳಿಸಲು 2004ರಲ್ಲಿ ಶುರುವಾದ ಅಭಿಯಾನಕ್ಕೆ ರಾಮಕಥೆ ಹೇಳುವ ಮೊರಾರಿ ಬಾಪು ದನಿಗೂಡಿಸಿದರು. ಈ ಶಾರ್ಕ್ ಹೆರಿಗೆಗೆ ತವರಿಗೆ ಬರುವ ಮಗಳಿದ್ದಂತೆ, ಅವಳನ್ನು ಕೊಲ್ಲುತ್ತೀರಾ ಅಂತ ಅವರು ಕೇಳಿದ್ದು ಮೀನುಗಾರರಿಗೆ ನಾಟಿತು. ಈಗ ಶಾರ್ಕ್ ಬಲೆಗೆ ಬಿದ್ದರೆ ಮೀನುಗಾರರೇ ಬಲೆ ಕತ್ತರಿಸಿ ಬಿಡುತ್ತಾರೆ, ಹಾಳಾದ ಬಲೆಗೆ ಸರ್ಕಾರ ಪರಿಹಾರ ಕೊಡುತ್ತದೆ. ಬಂದರಿನಲ್ಲಿ ಹಿಂದಿ ಬಲ್ಲ ಮೀನುಗಾರರು ಸಿಕ್ಕರೆ ಕೇಳಿ ನೋಡಿ. ಬೆಳಗ್ಗೆ ಬೇಗ ಹೋದರೆ ಮಾತಿಗೆ ಸಿಗುತ್ತಾರೆ.